ಸುಮ್ನೆ ಒಂದು ಬೈಟೂ

ಬೆಂಗಳೂರಿನ ಆಫೀಸುಗಳಲ್ಲಿ ಬೆಳಗ್ಗೆ ಹನ್ನೊಂದರ ಸುಮಾರಿಗೆ ಒಂದು ಸನ್ನೆ ನಡೆಯುತ್ತದೆ. ಯಾರೂ ಬಾಯಿ ಬಿಡುವುದಿಲ್ಲ. ಒಬ್ಬರ ಹುಬ್ಬು ಮೇಲೇರುತ್ತದೆ, ತಲೆ ಬಾಗಿಲ ಕಡೆ ವಾಲುತ್ತದೆ. ಇನ್ನೊಬ್ಬರ ಕುರ್ಚಿ ಹಿಂದಕ್ಕೆ ಸರಿಯುತ್ತದೆ. ಐದು ನಿಮಿಷದಲ್ಲಿ ಇಬ್ಬರೂ ಮೂಲೆಯ ದರ್ಶಿನಿಯಲ್ಲಿ ಟೋಕನ್ ಹಿಡಿದು ನಿಂತಿರುತ್ತಾರೆ.

ಒಂದು ಕಾಫಿ, ಎರಡು ಲೋಟ. ನೋಡಿದರೆ ಕಾಸು ಉಳಿಸುವ ಉಪಾಯ ಅನ್ನಿಸುತ್ತದೆ. ಆದರೆ ಕೈತುಂಬಾ ಸಂಬಳ ಎಣಿಸುವವರೂ ಬೈಟೂನೇ ಕುಡೀತಾರೆ. ಇದರ ಗುಟ್ಟು ಕಾಫಿಯಲ್ಲಿಲ್ಲ. ಒಬ್ಬರೇ ಹೋಗಿ ಬೈಟೂ ಕೇಳೋಕಾಗಲ್ಲ, ಅಲ್ವಾ? ಜೊತೆಗೊಬ್ಬರು ಬೇಕೇ ಬೇಕು. ಅರ್ಧ ಲೋಟ ಕಾಫಿ ನಾಲ್ಕು ಗುಟುಕಿಗೆ ಮುಗಿಯುತ್ತದೆ. ಮಾತು ಮುಗಿಯಲ್ಲ. ಮನೆ ಬಾಡಿಗೆ ಏರಿದ್ದು, ಮಗಳ ಶಾಲೆಯ ಫೀಸು, ಕಾವೇರಿ ನೀರು ಬಾರದ ದಿನ ಟ್ಯಾಂಕರ್‌ನವನು ಕೇಳಿದ ರೇಟು, ಸಿಲ್ಕ್ ಬೋರ್ಡಿನ ಟ್ರಾಫಿಕ್ಕು. ಒಂದೂ ಸಂತೋಷದ ವಿಷಯವಲ್ಲ. ಆದರೂ ವಾಪಸ್ ಬಂದು ಕೂತಾಗ ಹೆಗಲು ಹಗುರಾಗಿರುತ್ತದೆ.

ಅಲ್ಲಿ ಒಂದೇ ನಿಯಮ, ಆಫೀಸಿನ ಮಾತು ಬರಬಾರದು. ಪ್ರತಿ ಗುಂಪಿನಲ್ಲೂ ಇದನ್ನು ಮುರಿಯುವವರೊಬ್ಬರು ಇದ್ದೇ ಇರುತ್ತಾರೆ. ಎರಡನೇ ಗುಟುಕಿಗೆ ಸರಿಯಾಗಿ, "ಆ ಮೇಲ್ ನೋಡಿದ್ರಾ?" ಅನ್ನುತ್ತಾರೆ. ಅಲ್ಲಿಗೆ ಕಾಫಿಯ ಕತೆ ಮುಗಿಯಿತು. ಅಂಥವರನ್ನು ಕರೆಯದೆ ತಪ್ಪಿಸಿಕೊಂಡು ಹೋಗುವುದೂ ಒಂದು ಕಲೆ. ಅದರಲ್ಲಿ ನಾನು ಸಾಕಷ್ಟು ಪಳಗಿದ್ದೇನೆ.

ಈ ಹರಟೆಗೆ ಶಾಸ್ತ್ರದ ಬೆಂಬಲವೂ ಇದೆ. ಕೆಲಸದ ದಣಿವಿನಿಂದ ಜನ ಹೇಗೆ ಚೇತರಿಸಿಕೊಳ್ಳುತ್ತಾರೆ ಅನ್ನುವುದನ್ನು ಬಹಳ ಕಾಲದಿಂದ ಅಧ್ಯಯನ ಮಾಡಿದವರಲ್ಲಿ ಜರ್ಮನಿಯ ಮನಃಶಾಸ್ತ್ರಜ್ಞೆ ಸಬೀನೆ ಸೊನೆನ್‌ಟಾಗ್ ಒಬ್ಬರು. ಕುರ್ಚಿ ಬಿಟ್ಟು ಎದ್ದರಷ್ಟೇ ಸಾಲದು, ಕೆಲಸವೂ ತಲೆ ಬಿಟ್ಟು ಏಳಬೇಕು ಎಂಬುದಕ್ಕೆ ಅವರು ದೊಡ್ಡ ಜಾಗ ಕೊಡುತ್ತಾರೆ. ದೊಡ್ಡ ಪರದೆಯಿಂದ ಎದ್ದು ಅಂಗೈಯಗಲದ ಪರದೆಗೆ ಕಣ್ಣು ನೆಡುವ ನಮ್ಮ ಅಭ್ಯಾಸ ಈ ಲೆಕ್ಕದಲ್ಲಿ ಪಾಸಾಗೋದು ಕಷ್ಟ. ಆಫೀಸಿನ ವಾಟ್ಸ್ಯಾಪ್ ಗುಂಪು ಇರುವುದೂ ಅಲ್ಲೇ ತಾನೆ? ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ಏನನ್ನಾದರೂ ಇಪ್ಪತ್ತು ಸೆಕೆಂಡು ನೋಡಿ ಎಂದು ಕಣ್ಣಿನ ಡಾಕ್ಟರು ಹೇಳುತ್ತಾರೆ. ನಮ್ಮ ಆಫೀಸಿನಲ್ಲಿ ಇಪ್ಪತ್ತು ಅಡಿ ದೂರದಲ್ಲಿ ಕಾಣುವುದು ಮ್ಯಾನೇಜರ ಮುಖ.

ಬಿಡುವನ್ನೂ ಅಚ್ಚುಕಟ್ಟು ಮಾಡಲು ಹೊರಟವರಿದ್ದಾರೆ. ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ ಎಂಬುವರು 1980ರ ದಶಕದ ಕೊನೆಯಲ್ಲಿ ಟೊಮೆಟೊ ಆಕಾರದ ಅಡುಗೆಮನೆ ಗಡಿಯಾರ ಇಟ್ಟುಕೊಂಡು 25 ನಿಮಿಷ ಕೆಲಸ, 5 ನಿಮಿಷ ಬಿಡುವು ಎಂದು ವಿಂಗಡಿಸಿದರು. 2021ರಲ್ಲಿ ನಮ್ಮ ಆಯುಷ್ ಸಚಿವಾಲಯ ಐದು ನಿಮಿಷದ 'ವೈ-ಬ್ರೇಕ್' ಆ್ಯಪ್ ತಂದಿತು. ಕೆಲಸದ ಜಾಗದಲ್ಲೇ ಒಂದಿಷ್ಟು ಆಸನ, ಪ್ರಾಣಾಯಾಮ. ಕತ್ತು ಹಿಡಿದವರಿಗೆ ಒಳ್ಳೇದೇ. ನನ್ನ ತಕರಾರು ಇರುವುದು ಊಟದ ಹೊತ್ತಿಗೇ ಇಡುವ ವೆಲ್‌ನೆಸ್ ಸೆಷನ್ ಬಗ್ಗೆ. ಹಾಜರಿ ಕಡ್ಡಾಯ, ಕ್ಯಾಮೆರಾ ಆನ್ ಇರಬೇಕು, ಕೊನೆಗೆ 'ನೀವು ಎಷ್ಟು ನಿರಾಳರಾದಿರಿ' ಎಂದು ಒಂದರಿಂದ ಐದರೊಳಗೆ ಅಂಕ ಕೊಡಬೇಕು. ಎಲ್ಲರೂ ಐದೇ ಕೊಡುತ್ತೇವೆ. ನಾಲ್ಕು ಕೊಟ್ಟರೆ ಇನ್ನೊಂದು ಸೆಷನ್ ಇಟ್ಟಾರು ಎಂಬ ಭಯ.

ಶಿರಸಿ ಕಡೆಯ ಅಡಿಕೆ ತೋಟಗಳಲ್ಲಿ ಇಷ್ಟೆಲ್ಲ ರಗಳೆ ಇಲ್ಲ. ಕೆಲಸದ ನಡುವೆ ಕವಳಕ್ಕೆಂದು ಕೂರುತ್ತಾರೆ. ಸಂಚಿ ಬಿಚ್ಚಿ, ಎಲೆ ಒರೆಸಿ, ತೊಟ್ಟು ಮುರಿದು, ಸುಣ್ಣ ಸವರಿ, ಅಡಿಕೆ ಹೋಳು ಇಟ್ಟು ಮಡಚುವುದರಲ್ಲೇ ಅರ್ಧ ದಣಿವು ಇಳಿದಿರುತ್ತದೆ. ಆ ಕೆಲಸವನ್ನು ಅವಸರದಲ್ಲಿ ಮಾಡೋಕೆ ಬರಲ್ಲ. ಯಜಮಾನನೂ ಅದೇ ಬದುವಿನ ಮೇಲೆ ಕೂತು ಹಾಕಿಕೊಳ್ಳುತ್ತಾನೆ. ಇದರಲ್ಲಿ ನನಗೆ ಬಹಳ ಹಿಡಿಸುವುದು ಇನ್ನೊಂದು. ಬಾಯಿ ತುಂಬಾ ರಸ ಇರುವಾಗ ಯಾರೂ ಯಾರಿಗೂ ಕೆಲಸ ಹೇಳಲಾರರು. ನಮ್ಮ ಮೀಟಿಂಗ್ ರೂಮುಗಳಿಗೂ ಒಂದೊಂದು ಕವಳದ ತಟ್ಟೆ ಮಂಜೂರಾದರೆ ಚೆನ್ನ. ಗೋಡೆಗಳ ಗತಿ ಮಾತ್ರ ಕೇಳಬೇಡಿ.

ಕಾನೂನು ಬಿಡುವನ್ನು ಮರೆತಿಲ್ಲ. 1948ರ ಕಾರ್ಖಾನೆ ಕಾಯ್ದೆಯಲ್ಲೇ ಸತತ ಐದು ಗಂಟೆಗಿಂತ ಜಾಸ್ತಿ ದುಡಿಸುವಂತಿಲ್ಲ, ನಡುವೆ ಅರ್ಧ ಗಂಟೆಯಾದರೂ ವಿಶ್ರಾಂತಿ ಕೊಡಬೇಕು ಎಂದಿತ್ತು. ಆದರೆ ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಂತು ಸೀರೆ ಬಿಡಿಸುವ ಹೆಣ್ಣುಮಕ್ಕಳಿಗೆ ಗಿರಾಕಿ ಇಲ್ಲದಾಗಲೂ ಕೂರಲು ಬಿಡದ ಅಂಗಡಿಗಳಿದ್ದವು. ಕೇರಳದಲ್ಲಿ ಆ ಕೆಲಸಗಾರ್ತಿಯರೇ ಹೋರಾಡಿ 2018ರಲ್ಲಿ ಕಾನೂನಿಗೆ ತಿದ್ದುಪಡಿ ತರಿಸಿದರು, 2021ರಲ್ಲಿ ತಮಿಳುನಾಡೂ ತಂದಿತು. ಕೂರುವುದಕ್ಕೂ ಕಾನೂನು ಬೇಕಾಯಿತು, ನೋಡಿ! ನಾವೋ ಕೂತು ಕೂತು ಸುಸ್ತಾಗಿ ನಿಲ್ಲಲು ದರ್ಶಿನಿಗೆ ಹೋಗುವವರು.

ನಮ್ಮ ಗೇಟಿನ ಸೆಕ್ಯುರಿಟಿಯವರಿಗೆ ಅದೂ ಇಲ್ಲ. ಬದಲಿ ಬರುವವರೆಗೆ ಅವರು ಜಾಗ ಬಿಡುವಂತಿಲ್ಲ, ಅವರ ಕಾಫಿ ಏನಿದ್ದರೂ ಪಾರ್ಸೆಲ್. ಪ್ಲಾಸ್ಕಿನಲ್ಲಿ ತಂದುಕೊಟ್ಟರೆ ನಿಂತಲ್ಲೇ ಕುಡಿದು, ಅದೇ ಹೊತ್ತಿಗೆ ಬಂದ ಕಾರಿಗೆ ಸಲ್ಯೂಟ್ ಹೊಡೆಯುತ್ತಾರೆ. ವೆಲ್‌ನೆಸ್ ಗುರುಗಳಿಗೆ ಕೊಡುವ ಫೀಸಿನಲ್ಲಿ ಗೇಟಿಗೆ ಒಬ್ಬ ರಿಲೀವರ್ ಇಡಬಾರದೇ ಎಂದು ಚೀಟಿ ಬರೆದು ಸಲಹೆ ಪೆಟ್ಟಿಗೆಗೆ ಹಾಕಿದ್ದೇನೆ. ಪೆಟ್ಟಿಗೆಯ ಬೀಗದ ಕೈ ಎಲ್ಲಿದೆ ಅಂತ ಎಚ್‌ಆರ್‌ನವರು ಇನ್ನೂ ಹುಡುಕುತ್ತಿದ್ದಾರಂತೆ.