ಮಗಳು ಡಿಗ್ರಿಯಲ್ಲಿ ಲೋಕ ಓದಬೇಕಾ? ಅಪ್ಪ ಹೂಂ, ಅತ್ತೆ ಊಹೂಂ

ಸೋಮವಾರಪೇಟೆ ಕಡೆಯ ಒಂದು ಮನೆ. ಮಗಳು ಎರಡನೇ ಪಿಯುಸಿ ಮುಗಿಸಿದ್ದಾಳೆ. ಡಿಗ್ರಿಯಲ್ಲಿ ಜಾಗತಿಕ ವಿದ್ಯಮಾನ, ಸಂಸ್ಕೃತಿಗಳು ಇವನ್ನೇ ಓದುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಕಾಫಿ ಬೆಳೆಯುವ ಅಪ್ಪ ಒಪ್ಪಿದ್ದಾರೆ. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವ ಸೋದರತ್ತೆ ಒಪ್ಪಿಲ್ಲ.

ಪರ: ಅಪ್ಪ

2021ರಲ್ಲಿ ನಮ್ಮ ಅರೇಬಿಕಾ ಕಾಫಿಯ ಪಾರ್ಚ್‌ಮೆಂಟನ್ನು (ಹಣ್ಣಿನ ಸಿಪ್ಪೆ ತೆಗೆದ ಬೀಜ) ಮಾರ್ಚ್ ತಿಂಗಳಲ್ಲೇ ಮಾರಿಬಿಟ್ಟೆ. ಕಣದಲ್ಲಿ ಒಣಗಿಸಿ, ಚೀಲ ಹೊಲಿದು, ವ್ಯಾಪಾರಿ ಹೇಳಿದ ರೇಟಿಗೆ ಕೊಟ್ಟು ಕೈ ತೊಳೆದುಕೊಂಡೆ. ಜುಲೈನಲ್ಲಿ ಬ್ರೆಜಿಲ್‌ನಲ್ಲಿ ಮಂಜು ಹೆಪ್ಪುಗಟ್ಟಿ ಕಾಫಿ ಗಿಡಗಳು ಸುಟ್ಟುಹೋದವು. ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ಬೆಲೆ ಜಿಗಿಯಿತು. ಮಾಲು ಮಾರದೆ ಇಟ್ಟುಕೊಂಡಿದ್ದ ಪಕ್ಕದ ತೋಟದವರು ಜೀಪು ಬದಲಾಯಿಸಿದರು. ನಾನು ಮೊಬೈಲಿನಲ್ಲಿ ಬ್ರೆಜಿಲ್‌ನ ಮಂಜು ನೋಡುತ್ತಾ ಕೂತೆ.

ಅಲ್ಲಿಯವರೆಗೆ ನನಗೆ ಬ್ರೆಜಿಲ್ ಅಂದರೆ ಫುಟ್‌ಬಾಲ್ ಅಷ್ಟೇ.

ನಮ್ಮ ಅಪ್ಪನ ಕಾಲದಲ್ಲಿ ಈ ತಲೆನೋವು ಇರಲಿಲ್ಲ. ಎಲ್ಲರ ಕಾಫಿಯನ್ನೂ ಒಟ್ಟು ಸೇರಿಸಿ ಮಾರುತ್ತಿದ್ದ ಕಾಫಿ ಬೋರ್ಡಿನ ಪೂಲ್‌ಗೆ ಹಾಕಿ ಕಂತಿನ ದುಡ್ಡಿಗೆ ಕಾಯುತ್ತಿದ್ದರು. 1989ರಲ್ಲಿ, ಯಾವ ದೇಶ ಎಷ್ಟು ರಫ್ತು ಮಾಡಬಹುದು ಅಂತ ಹೇಳುತ್ತಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಕುಸಿದು ಬಿತ್ತು. ಆಮೇಲೆ ಇಲ್ಲಿ ಪೂಲ್ ಕೂಡ ಹೋಯಿತು. ಮಾರುವ ಸ್ವಾತಂತ್ರ್ಯ ಸಿಕ್ಕಿತು ಅಂತ ನಾವು ಖುಷಿಪಟ್ಟೆವು. ಆದರೆ ಅದರ ಜೊತೆಗೇ ಲಂಡನ್, ನ್ಯೂಯಾರ್ಕ್ ಎರಡೂ ನಮ್ಮ ಅಂಗಳಕ್ಕೆ ಬಂದು ಕೂತವು. ಈಗ ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲು ಲಂಡನ್ ಪೇಟೆಯ ರೊಬಸ್ಟಾ ಕಾಫಿ ರೇಟು ನೋಡುವ ಜನ ನಾವು.

ಕಾಳುಮೆಣಸಿನ ಕಥೆ ಇನ್ನೂ ಕೆಟ್ಟದು. ವಿಯೆಟ್ನಾಂನ ಮೆಣಸು ಶ್ರೀಲಂಕಾದ ಹೆಸರಿನಲ್ಲಿ, ವ್ಯಾಪಾರ ಒಪ್ಪಂದದ ಕಡಿಮೆ ಸುಂಕಕ್ಕೆ ಒಳಗೆ ಬಂತು. ಇಲ್ಲಿಯ ರೇಟು ನೆಲ ಕಚ್ಚಿತು. ಕೂಗಾಡಿದ ಮೇಲೆ 2017ರ ಡಿಸೆಂಬರಿನಲ್ಲಿ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಹಾಕಿತು. ಆ ವ್ಯಾಪಾರ ಒಪ್ಪಂದಗಳನ್ನು ಬರೆಯುವಾಗ ಮೆಣಸು ಬಳ್ಳಿ ಕಂಡವರು ಯಾರಾದರೂ ಆ ಮೇಜಿನ ಹತ್ತಿರ ಕೂತಿದ್ದರಾ? ನನಗಂತೂ ಅನುಮಾನ. ಈಗ ಯುರೋಪಿನವರ ಇನ್ನೊಂದು ಕಾನೂನು ಬಂದಿದೆ. 2020ರ ನಂತರ ಕಾಡು ಕಡಿದ ಜಾಗದ ಕಾಫಿ ಅವರಿಗೆ ಬೇಡವಂತೆ. ತೋಟ ಎಲ್ಲಿದೆ ಅಂತ ಅಕ್ಷಾಂಶ, ರೇಖಾಂಶ ಸಮೇತ ತೋರಿಸಬೇಕಂತೆ. ಜಾರಿ ಮುಂದಕ್ಕೆ ಹೋಗುತ್ತಾ ಬಂದಿದೆ, ಸರಿ. ಆದರೆ ನಮ್ಮ ಕಾಫಿಯ ದೊಡ್ಡ ಗಿರಾಕಿ ಇಟಲಿ. ಸಿಲ್ವರ್ ಓಕ್, ಹಲಸು, ಬೀಟೆ ನೆರಳಲ್ಲಿ ಕಾಫಿ ಬೆಳೆಯುವುದು ಕಾಡು ಕಡಿದ ಹಾಗಲ್ಲ ಅಂತ ಅವರಿಗೆ ಅವರ ಭಾಷೆಯಲ್ಲೇ ಹೇಳಬಲ್ಲ ಹುಡುಗಿ ಒಬ್ಬಳು ಬೇಡವಾ?

ಸಂಸ್ಕೃತಿ ಅನ್ನುವ ಮಾತಿಗೆ ತಂಗಿ ನಗುತ್ತಾಳೆ. ತೋಟದ ಕೆಲಸದವರು ಇರುವ ನಮ್ಮ ಲೈನ್ ಮನೆಗೆ ಹೋಗಿ ನೋಡಲಿ. ಹಣ್ಣು ಕುಯ್ಯಲು ಬಂದವರು ಅಸ್ಸಾಮಿನವರು. ಅವರ ಭಾಷೆ, ಹಬ್ಬ, ಊಟ ನಮಗೆ ಗೊತ್ತಿಲ್ಲ. ಎಲ್ಲರನ್ನೂ ಸುಮ್ನೆ 'ಅಸ್ಸಾಮಿಗಳು' ಅನ್ನುತ್ತೇವೆ. ಕುಶಾಲನಗರ ದಾಟಿದರೆ ಟಿಬೆಟನ್ನರು ನೆಲೆಸಿರುವ ಬೈಲುಕುಪ್ಪೆ. ನೆಂಟರು ಬಂದರೆ ಗೋಲ್ಡನ್ ಟೆಂಪಲ್ ತೋರಿಸಿ, ಮೊಮೊ ತಿನ್ನಿಸಿ ಕರೆದುಕೊಂಡು ಬರುತ್ತೇವೆ. ಅರವತ್ತು ವರ್ಷ ದಾಟಿದ ನೆರೆಹೊರೆ. ಆ ಜನ ಊರು ಬಿಟ್ಟು ಬಂದದ್ದು ಯಾಕೆ ಅಂತ ಕೇಳಿದರೆ ಒಂದು ಸಾಲಿನ ಮೇಲೆ ನನ್ನ ಬಾಯಿ ಹೊರಡುವುದಿಲ್ಲ.

ನಮ್ಮ ಕೊಡಗಿನವರೇ ಆದ ಜನರಲ್ ತಿಮ್ಮಯ್ಯನವರ ಮಡಿಕೇರಿ ಮನೆ 'ಸನ್ನಿ ಸೈಡ್' ಈಗ ಮ್ಯೂಸಿಯಂ. 1953ರಲ್ಲಿ ಕೊರಿಯಾದಲ್ಲಿ, ತಮ್ಮ ದೇಶಕ್ಕೆ ವಾಪಸ್ ಹೋಗಲು ಒಪ್ಪದ ಸಾವಿರಾರು ಯುದ್ಧ ಕೈದಿಗಳ ಪಂಚಾಯಿತಿಗೆ ಅವರೇ ಅಧ್ಯಕ್ಷರು. ಆಮೇಲೆ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆ ನಡೆಸುತ್ತಾ 1965ರಲ್ಲಿ ಅಲ್ಲೇ ತೀರಿಕೊಂಡರು. ಮ್ಯೂಸಿಯಂ ನೋಡಿ ಬಂದ ಮಗಳು, 'ಸೈಪ್ರಸ್‌ನಲ್ಲಿ ಜಗಳ ಯಾಕಿತ್ತು ಅಪ್ಪ?' ಅಂದಳು. ನಾನು ಜೀಪು ಸ್ಟಾರ್ಟ್ ಮಾಡಿದೆ.

ವಿರೋಧ: ಅತ್ತೆ

ಅಣ್ಣ ಬರೆದದ್ದು ಓದಿದೆ. ಚೆನ್ನಾಗಿದೆ, ಬೈಲುಕುಪ್ಪೆಯ ಮಾತಿಗೆ ನನಗೂ ನಾಚಿಕೆಯಾಯಿತು. ಆದರೆ ಕೋಟಾ, ಸುಂಕ, ಇಟಲಿ, ಇದನ್ನೆಲ್ಲ ಅವನು ಯಾವ ಡಿಗ್ರಿಯಲ್ಲಿ ಕಲಿತ? ಬಿಕಾಂ ಅರ್ಧಕ್ಕೆ ಬಿಟ್ಟವನು. ಪೆಟ್ಟು ತಿಂದು ಕಲಿತ ಅನ್ನಿ. ಹಾಗಿದ್ದರೆ ಮಗಳಿಗೆ ಬೇಕಾದದ್ದು ಅರ್ಥಶಾಸ್ತ್ರ. ಬೆಲೆ ಯಾಕೆ ಏರುತ್ತದೆ ಅನ್ನುವುದಕ್ಕೆ ಲೆಕ್ಕ ಬೇಕು, ಲೋಕದ ಬಗ್ಗೆ ಒಳ್ಳೆ ಅಭಿಪ್ರಾಯ ಇದ್ದರೆ ಸಾಲದು.

ನನ್ನ ಕ್ಲಾಸಿನ ಒಂದು ದಿನ ಹೇಳುತ್ತೇನೆ. ಕೊಲ್ಲಿ ದೇಶಗಳ ಪಾಠ. ಹೊರಗಿನ ಕೆಲಸಗಾರರು ಅಲ್ಲಿಯ ಒಬ್ಬ ಜವಾಬ್ದಾರ ಧಣಿ, ಅಂದರೆ ಕಫೀಲ್‌ನ ಹೆಸರಿನಲ್ಲಿ ಇರಬೇಕು ಅನ್ನುವ ಕಫಾಲ ಪದ್ಧತಿಯ ಬಗ್ಗೆ ನೋಟ್ಸಿನಲ್ಲಿ ಎರಡು ಸಾಲು ಇತ್ತು. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. ಅವಳ ಅಪ್ಪ ಸೌದಿಯಲ್ಲಿ ಡ್ರೈವರ್. 'ಅಜ್ಜಿ ತೀರಿಕೊಂಡಾಗ ಕಫೀಲ್ ಒಪ್ಪಲಿಲ್ಲ, ಅಪ್ಪ ಬರಲಿಲ್ಲ ಮೇಡಂ' ಅಂದಳು. ಕ್ಲಾಸು ಗಪ್‌ಚುಪ್. ಅಲ್ಲಿ ನಿಂತು ಒಂದು ವಾರ ಮಾತಾಡಬೇಕಿತ್ತು. ಮಾತಾಡಲಿಲ್ಲ. ಆ ಸೆಮಿಸ್ಟರಿನಲ್ಲಿ ಇನ್ನೂ ಯುರೋಪ್, ಆಫ್ರಿಕಾ, ಲ್ಯಾಟಿನ್ ಅಮೆರಿಕ ಬಾಕಿ ಇತ್ತು. ಪುಟ ತಿರುಗಿಸಿದೆ. ಒಂದು ಪೇಪರಿನಲ್ಲೇ ಈ ಗತಿ. ಮೂರು ವರ್ಷವೂ ಹೀಗೇ ದೇಶ ದೇಶ ಓಡಿದರೆ ಹೇಗಿರುತ್ತದೆ ಯೋಚಿಸಿ. ಬಸ್ಸು ಎಲ್ಲಾ ಊರಿಗೂ ಹೋಗುತ್ತದೆ, ಇಳಿಯಲು ಮಾತ್ರ ಎಲ್ಲೂ ಬಿಡುವುದಿಲ್ಲ.

ಭಾಷೆಯ ವಿಚಾರಕ್ಕೆ ಬರೋಣ. ಇಟಲಿಯವರಿಗೆ ಅವರ ಭಾಷೆಯಲ್ಲೇ ಹೇಳಬೇಕು ಅನ್ನುತ್ತಾನೆ ಅಣ್ಣ. ಮಗಳು ತಂದ ಸಿಲಬಸ್ ಕಾಗದದಲ್ಲಿ ಭಾಷೆ ಕಲಿಸುವುದು ಒಂದೇ ಸೆಮಿಸ್ಟರು, ಅದೂ ಐಚ್ಛಿಕ. ಜರ್ಮನಿಯ ಪಾದ್ರಿ ಮೋಗ್ಲಿಂಗ್ ಮೊದಲು ಕನ್ನಡ ಕಲಿತ. ಆಮೇಲೆ 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಹೊರಡಿಸಿದ. ಇಂಗ್ಲಿಷಿನಲ್ಲೇ ಹತ್ತು ದೇಶದ 'ಸಂಸ್ಕೃತಿ' ಓದಿ ಬಂದವರಿಗೆ ಆ ಹಿಡಿತ ಎಲ್ಲಿಂದ ಬರಬೇಕು?

ತಿಮ್ಮಯ್ಯನವರನ್ನು ನೆನೆದ ಅಣ್ಣ ಮುತ್ತಮ್ಮನವರನ್ನು ಮರೆತಿದ್ದಾನೆ. ಮರೆಯುವುದು ಗಂಡಸರ ಅಭ್ಯಾಸ, ಬಿಡಿ. ವಿರಾಜಪೇಟೆಯಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮ ಭಾರತದ ವಿದೇಶಾಂಗ ಸೇವೆ ಸೇರಿದ ಮೊದಲ ಹೆಂಗಸು. 1949ರಲ್ಲಿ. ಮದುವೆಯಾದರೆ ಕೆಲಸ ಬಿಡುತ್ತೇನೆ ಅಂತ ಬರೆದುಕೊಟ್ಟು ಸೇರಬೇಕಾಗಿತ್ತು. ಮೂವತ್ತು ವರ್ಷದ ನಂತರ ಅಂಥ ನಿಯಮಗಳ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಸರ್ಕಾರಕ್ಕೆ ಚೆನ್ನಾಗಿಯೇ ಛೀಮಾರಿ ಹಾಕಿದರು. ಮುತ್ತಮ್ಮ ಎಂಎ ಓದಿದ್ದು ಏನು ಗೊತ್ತಾ? ಇಂಗ್ಲಿಷ್ ಸಾಹಿತ್ಯ. ಇವತ್ತಿಗೂ ಯುಪಿಎಸ್‌ಸಿಗೆ ಯಾವ ಡಿಗ್ರಿಯಾದರೂ ಸಾಕು.

ಇನ್ನು ದುಡ್ಡು. ಈ ಹೆಸರಿನ ಡಿಗ್ರಿ ಜಾಸ್ತಿ ಇರುವುದು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ. ಫೀಸು ವರ್ಷಕ್ಕೆ ಲಕ್ಷಗಟ್ಟಲೆ. ಕಾಫಿಗೆ ರೇಟು ಇದೆ ಅಂತ ಅಣ್ಣ ಕಟ್ಟಲು ಹೊರಟಿದ್ದಾನೆ. ರೇಟು ಹೇಗೆ ಬೀಳುತ್ತದೆ ಅಂತ ಮೇಲೆ ಅವನೇ ಬರೆದಿದ್ದಾನೆ ನೋಡಿ. ಸಿಲಬಸ್ಸಿನ ಗ್ಯಾರಂಟಿಯೂ ಇಲ್ಲ. ನಮ್ಮ ಸರ್ಕಾರಿ ಕಡೆಯಲ್ಲೇ 2021ರಲ್ಲಿ ನಾಲ್ಕು ವರ್ಷದ ಡಿಗ್ರಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷವಾಯಿತು. ಹೊಸ ಹೊಸ ಹೆಸರಿನ ಪೇಪರುಗಳನ್ನು ನಾವು ಹಿಂದಿನ ರಾತ್ರಿ ಓದಿಕೊಂಡು ಹೋಗಿ ಪಾಠ ಮಾಡಿದ್ದೇವೆ.

ಅವಳು ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ತೆಗೆದುಕೊಳ್ಳಲಿ. ಜೊತೆಗೆ ಒಂದೇ ಒಂದು ಪರಭಾಷೆಯನ್ನು ಮೂರು ವರ್ಷ ಜಗಿಯಲಿ. ಬೈಲುಕುಪ್ಪೆ ಪಕ್ಕದಲ್ಲೇ ಇದೆಯಲ್ಲ, ಟಿಬೆಟನ್ ಭಾಷೆಯನ್ನೇ ಕಲಿಯಲಿ! ಆಸೆ ಉಳಿದರೆ ಎಂಎಗೆ ದೆಹಲಿಯ ಜೆಎನ್‌ಯುವಿನ ಅಂತರರಾಷ್ಟ್ರೀಯ ಅಧ್ಯಯನ ವಿಭಾಗ ಇದೆ. ಪ್ರವೇಶ ಪರೀಕ್ಷೆ ಬರೆಯಲಿ.

ಅಣ್ಣ, ಅರ್ಜಿಗೆ ಇನ್ನೂ ಹತ್ತು ದಿನ ಇದೆ. ಅಡ್ವಾನ್ಸ್ ಕಟ್ಟಿಬಿಡಬೇಡ. ಭಾನುವಾರ ಬರುತ್ತೇನೆ. ಅವಳನ್ನು ಅವತ್ತು ಎಲ್ಲೂ ಕಳಿಸಬೇಡ.