ಪಿಟ್ಸ್‌ಬರ್ಗ್ ಹುಡುಗನನ್ನು ಪಿಟ್ಸ್‌ಬರ್ಗೇ ಬಿಟ್ಟುಕೊಟ್ಟಿತು

ಆಗಸ್ಟ್ ಕೊನೆ ಬಂತು ಅಂದ್ರೆ ಅಮೆರಿಕನ್ ಫುಟ್‌ಬಾಲ್ ನೋಡುವವರ ಬಾಯಲ್ಲಿ ಒಂದೇ ಮಾತು. ಯಾರು ಉಳಿದರು, ಯಾರು ಹೋದರು. ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಬೇಸಿಗೆಯಲ್ಲಿ 90 ಜನರನ್ನು ಇಟ್ಟುಕೊಂಡು ತಾಲೀಮು ಮಾಡಿಸುತ್ತವೆ, ಸೀಸನ್ ಶುರುವಾಗುವ ಮುಂಚೆ 53ಕ್ಕೆ ಇಳಿಸಬೇಕು. ಒಟ್ಟು 32 ತಂಡಗಳು. ಲೆಕ್ಕ ಹಾಕಿ ನೋಡಿ, ಸಾವಿರಕ್ಕೂ ಹೆಚ್ಚು ಜನ ಕೆಲವೇ ದಿನಗಳಲ್ಲಿ ಪಟ್ಟಿಯಿಂದ ಹೊರಗೆ. ಎಲ್ಲರೂ ಚರ್ಚೆ ಮಾಡೋದು ಚೆಂಡೆಸೆಯುವ ಯಾವ ಕ್ವಾರ್ಟರ್‌ಬ್ಯಾಕ್ ಉಳಿದ, ಅದನ್ನು ಹಿಡಿಯುವ ಯಾವ ರಿಸೀವರ್ ಹೋದ ಅಂತ. "ಬ್ಯಾಕಪ್ ಆಫೆನ್ಸಿವ್ ಲೈನ್‌ಮನ್ ಒಬ್ಬನನ್ನು ಕೈಬಿಡಲಾಗಿದೆ" ಅನ್ನುವ ಸುದ್ದಿಗೆ ಒಂದು ಸಾಲು ಸಿಕ್ಕರೆ ಜಾಸ್ತಿ. ನನಗೆ ಆ ಒಂದು ಸಾಲಿನ ಬಗ್ಗೆಯೇ ಬರೆಯಬೇಕಿದೆ. ಪಿಟ್ಸ್‌ಬರ್ಗ್‌ನಲ್ಲಿ ಇದ್ದು ಇಲ್ಲಿನ ಸ್ಟೀಲರ್ಸ್ ತಂಡವನ್ನು ಹಚ್ಚಿಕೊಂಡ ನನ್ನಂಥವನಿಗೆ ಸ್ಟೆಫನ್ ವಿಸ್ನೆಸ್ಕಿ ಅನ್ನುವ ಲೈನ್‌ಮನ್ ವಿಷಯ ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ.

ಊರಲ್ಲಿರುವ ಗೆಳೆಯರಿಗಾಗಿ ಮೊದಲು ಆಟದ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಚೆಂಡು ಯಾರ ಕೈಯಲ್ಲಿದೆಯೋ ಆ ತಂಡದ ಮುಂದೆ ಐದು ಜನ ಸಾಲಾಗಿ ನಿಲ್ಲುತ್ತಾರೆ, ಇವರೇ ಆಫೆನ್ಸಿವ್ ಲೈನ್‌ಮನ್‌ಗಳು. ಮಧ್ಯದಲ್ಲಿ ಸೆಂಟರ್, ಅವನ ಎರಡೂ ಪಕ್ಕ ಗಾರ್ಡ್‌ಗಳು, ತುದಿಯಲ್ಲಿ ಟ್ಯಾಕಲ್‌ಗಳು. ಒಬ್ಬೊಬ್ಬನ ತೂಕ 140 ಕೆಜಿ ಆಸುಪಾಸು. ಎದುರಿನಿಂದ ನುಗ್ಗುವವರನ್ನು ತಡೆಯೋದೇ ಇವರ ಕೆಲಸ. ಅವರು ತಡೆದರೆ ಕ್ವಾರ್ಟರ್‌ಬ್ಯಾಕ್‌ಗೆ ಚೆಂಡೆಸೆಯಲು ಎರಡು ಮೂರು ಸೆಕೆಂಡ್ ಸಿಗುತ್ತದೆ. ತಡೆಯದಿದ್ದರೆ ಅವನು ನೆಲದ ಮೇಲೆ. ಇವರಿಗೆ ಗೋಲಿಲ್ಲ, ರನ್ನಿಲ್ಲ, ಹಿಡಿದ ಕ್ಯಾಚಿಲ್ಲ. ರೆಫರಿ ಇವರ ಜೆರ್ಸಿ ನಂಬರನ್ನು ಮೈಕಿನಲ್ಲಿ ಕೂಗುವುದು ಹೆಚ್ಚಾಗಿ ತಪ್ಪು ಮಾಡಿದಾಗ.

ಇದು ಸುಮ್ನೆ ತಳ್ಳಾಟ ಅಂದುಕೊಂಡವರು ಒಂದು ಸಲ ಹತ್ತಿರದಿಂದ ನೋಡಬೇಕು. ಎದುರಾಳಿಯ ಊರಿನ ಮೈದಾನ, 70 ಸಾವಿರ ಜನ ಕೂಗುತ್ತಿದ್ದಾರೆ. ಕ್ವಾರ್ಟರ್‌ಬ್ಯಾಕ್ ಎಷ್ಟು ಕಿರುಚಿದರೂ ಮುಂದೆ ಬಗ್ಗಿ ನಿಂತವನಿಗೆ ಕೇಳುವುದಿಲ್ಲ. ಆಗ ಗಾರ್ಡ್ ಕತ್ತು ತಿರುಗಿಸಿ ಹಿಂದೆ ನೋಡುತ್ತಾನೆ. ಕ್ವಾರ್ಟರ್‌ಬ್ಯಾಕ್ ಕಾಲೆತ್ತಿ ಸನ್ನೆ ಮಾಡಿದ ತಕ್ಷಣ ಪಕ್ಕದ ಸೆಂಟರ್‌ನನ್ನು ಕೈಯಿಂದ ತಟ್ಟುತ್ತಾನೆ, ಸೆಂಟರ್ ಒಂದು ಕ್ಷಣ ಮನಸ್ಸಿನಲ್ಲೇ ಎಣಿಸಿ ಚೆಂಡನ್ನು ಹಿಂದಕ್ಕೆ ಕೊಡುತ್ತಾನೆ, ಐದೂ ಜನ ಒಂದೇ ಸಲ ಏಳಬೇಕು. ಎದ್ದ ಮೇಲೆ ಎದುರಿನ ಇಬ್ಬರು ಅಡ್ಡಡ್ಡ ಓಡಿ ಜಾಗ ಬದಲಿಸುತ್ತಾರೆ. ಈ ಕಡೆಯವನನ್ನು ನೀನು ಹಿಡಿ, ಆ ಕಡೆಯಿಂದ ಬರುವವನು ನನಗೆ ಅನ್ನೋದನ್ನು ಬಾಯಿಬಿಡದೆ ಅರ್ಧ ಸೆಕೆಂಡಿನಲ್ಲಿ ತೀರ್ಮಾನ ಮಾಡಬೇಕು. ಇದೆಲ್ಲ ಶಕ್ತಿಯಿಂದ ಬರುವುದಿಲ್ಲ. ವರ್ಷಗಟ್ಟಲೆ ಆಡಿ ಬರುತ್ತದೆ.

ಬ್ಯಾಕಪ್ ಲೈನ್‌ಮನ್ ಕಷ್ಟ ಇನ್ನೂ ಒಂದು ಕೈ ಹೆಚ್ಚು. ಮೊದಲ ಐದು ಜನ ವಾರವಿಡೀ ಒಟ್ಟಿಗೆ ತಾಲೀಮು ಮಾಡುತ್ತಾರೆ. ಇವನು ಎಡ ಗಾರ್ಡ್, ಬಲ ಗಾರ್ಡ್, ಸೆಂಟರ್ ಮೂರನ್ನೂ ಕಲಿತಿರಬೇಕು, ಬೆಂಚಿನ ಮೇಲೆ ಕೂತಿರಬೇಕು, ಯಾರಿಗೋ ಮಂಡಿ ತಿರುಚಿದ ಮರುನಿಮಿಷ ಮೈ ತಣ್ಣಗಿರುವಾಗಲೇ ಎದ್ದು ಹೋಗಿ ಲೀಗಿನ ದೊಡ್ಡ ದೊಡ್ಡ ಆಟಗಾರರ ಎದುರು ನಿಲ್ಲಬೇಕು. ಎಲ್ಲರೂ ಇವನನ್ನು ಗಾಡಿಯ ಸ್ಟೆಪ್ನಿ ಥರ ನೋಡುತ್ತಾರೆ. ಪಂಕ್ಚರ್ ಆಗುವ ತನಕ ಡಿಕ್ಕಿಯಲ್ಲಿ ಏನಿದೆ ಅಂತ ಯಾರೂ ತೆಗೆದು ನೋಡುವುದಿಲ್ಲ.

ಈಗ ವಿಸ್ನೆಸ್ಕಿ ವಿಷಯಕ್ಕೆ ಬರುತ್ತೇನೆ. ಹುಟ್ಟಿದ್ದು ಪಿಟ್ಸ್‌ಬರ್ಗ್‌ನಲ್ಲೇ, ಓದಿದ್ದು ಇಲ್ಲಿನ ಸೆಂಟ್ರಲ್ ಕ್ಯಾಥೊಲಿಕ್ ಹೈಸ್ಕೂಲು, ಆಮೇಲೆ ಪೆನ್ ಸ್ಟೇಟ್ ವಿಶ್ವವಿದ್ಯಾಲಯ. ಅಪ್ಪ ಲಿಯೋ ಕೋಲ್ಟ್ಸ್ ತಂಡಕ್ಕೆ ಆಡಿದವರು. ಚಿಕ್ಕಪ್ಪ ಸ್ಟೀವ್ ರೈಡರ್ಸ್ ತಂಡದ ಹೆಸರಾಂತ ಗಾರ್ಡ್, ಲೀಗಿನ ಶ್ರೇಷ್ಠ ಆಟಗಾರರನ್ನು ಆರಿಸುವ ಪ್ರೊ ಬೌಲ್‌ಗೆ ಎಂಟು ಸಲ ಆಯ್ಕೆಯಾದವರು. 2011ರಲ್ಲಿ ಅದೇ ರೈಡರ್ಸ್ ಈ ಹುಡುಗನನ್ನೂ ಡ್ರಾಫ್ಟ್‌ನ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆಯ, ಎರಡನೇ ಸುತ್ತಿನಲ್ಲಿ ತೆಗೆದುಕೊಂಡಿತು. ನಂತರ ಜಾಗ್ವಾರ್ಸ್, ಅಲ್ಲಿಂದ ಫಿಲಡೆಲ್ಫಿಯಾ ಈಗಲ್ಸ್. 2018ರ ಫೆಬ್ರವರಿಯಲ್ಲಿ ಈಗಲ್ಸ್ ಪೇಟ್ರಿಯಟ್ಸ್ ತಂಡವನ್ನು 41-33ರಿಂದ ಸೋಲಿಸಿ ತನ್ನ ಮೊದಲ ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್, ಗೆದ್ದಾಗ ಎಡ ಗಾರ್ಡ್ ಜಾಗದಲ್ಲಿ ನಿಂತಿದ್ದು ಇವನೇ. ಅವನ ಪಕ್ಕ ಎಡ ಟ್ಯಾಕಲ್ ಆಡಿದವನು ವೈಟಾಯಿ. ಅವನೂ ಬ್ಯಾಕಪ್ಪೇ, ಜೇಸನ್ ಪೀಟರ್ಸ್ ಸೀಸನ್ ಮಧ್ಯೆ ಮಂಡಿ ಮುರಿದುಕೊಂಡ ಮೇಲೆ ಬಂದವನು. ಆವತ್ತಿನ ಕ್ವಾರ್ಟರ್‌ಬ್ಯಾಕ್ ನಿಕ್ ಫೋಲ್ಸ್ ಬ್ಯಾಕಪ್ ಆಗಿದ್ದ ಅನ್ನೋದು ಎಲ್ಲರಿಗೂ ಗೊತ್ತು, ಆ ಊರಲ್ಲಿ ಅವನ ಪ್ರತಿಮೆಯೇ ಎದ್ದಿತು. ವೈಟಾಯಿ ಹೆಸರು ಎಷ್ಟು ಜನಕ್ಕೆ ನೆನಪಿದೆ ಹೇಳಿ?

ಮುಂದಿನ ವರ್ಷವೇ ವಿಸ್ನೆಸ್ಕಿ ಬೆಂಚಿಗೆ ಹೋದ. 2019ರ ಆಗಸ್ಟ್ ಕೊನೆಯಲ್ಲಿ ಈಗಲ್ಸ್ ಅವನನ್ನು ಕೈಬಿಟ್ಟಿತು. ಸೀಸನ್ ಶುರುವಾದಾಗ ಅವನಿಗೆ ತಂಡವೇ ಇರಲಿಲ್ಲ. ಇದರ ಹಿಂದೆ ಒಂದು ಲೆಕ್ಕಾಚಾರವೂ ಇರುತ್ತದೆ. ನಾಲ್ಕು ವರ್ಷ ಆಡಿದ ಆಟಗಾರ ಮೊದಲ ವಾರದ 53ರಲ್ಲಿ ಇದ್ದರೆ ಆ ವರ್ಷದ ಸಂಬಳದ ಮೇಲೆ ಅವನಿಗೆ ಹಕ್ಕು ಬಂದುಬಿಡುತ್ತದೆ. ಹೊಸ ಹುಡುಗನಿಗೆ ಅಷ್ಟು ಕೊಡಬೇಕಿಲ್ಲ. ಹಾಗಾಗಿ ಆಗಸ್ಟ್‌ನಲ್ಲಿ ಕತ್ತರಿ ಮೊದಲು ಬೀಳೋದು ಅನುಭವ ಇರುವ, ಆದರೆ ಮೊದಲ ಐದರಲ್ಲಿ ಇಲ್ಲದ ಇಂಥವರ ಮೇಲೆ.

ಅಕ್ಟೋಬರ್‌ನಲ್ಲಿ ಕ್ಯಾನ್ಸಸ್ ಸಿಟಿ ಚೀಫ್ಸ್ ಕರೆಯಿತು. ಕೋಚ್ ಆಂಡಿ ರೀಡ್. ಈಗಲ್ಸ್‌ನ ಆಗಿನ ಕೋಚ್ ಡಗ್ ಪೀಡರ್ಸನ್ ಇದೇ ರೀಡ್ ಗರಡಿಯಲ್ಲಿ ಪಳಗಿದವರು, ಆದ್ದರಿಂದ ಆಟದ ಲೆಕ್ಕವೆಲ್ಲ ವಿಸ್ನೆಸ್ಕಿಗೆ ಹೊಸದೇನೂ ಆಗಿರಲಿಲ್ಲ. ಸೀಸನ್ ಕೊನೆಗೆ ಬರುವಷ್ಟರಲ್ಲಿ ಎಡ ಗಾರ್ಡ್ ಜಾಗ ಅವನದಾಯಿತು. 2020ರ ಫೆಬ್ರವರಿ 2, ಮಯಾಮಿಯಲ್ಲಿ ಸೂಪರ್ ಬೌಲ್, ಎದುರಾಳಿ 49ಅರ್ಸ್. ಕೊನೆಯ ಕ್ವಾರ್ಟರ್‌ನಲ್ಲಿ ಚೀಫ್ಸ್ 20-10ರಿಂದ ಹಿಂದಿತ್ತು. 7 ನಿಮಿಷ 13 ಸೆಕೆಂಡ್ ಬಾಕಿ, ಮೂರನೇ ಡೌನ್ ಅಂದರೆ ಮೂರನೇ ಪ್ರಯತ್ನ, ಬೇಕಿದ್ದದ್ದು 15 ಗಜ. ಚೀಫ್ಸ್ ಕ್ವಾರ್ಟರ್‌ಬ್ಯಾಕ್ ಮಹೋಮ್ಸ್ ಹಿಂದಕ್ಕೆ, ಇನ್ನೂ ಹಿಂದಕ್ಕೆ, ಹತ್ತು ಗಜಕ್ಕಿಂತ ಜಾಸ್ತಿ ಹಿಂದಕ್ಕೆ ಹೋಗಿ ಎಸೆದ ಚೆಂಡನ್ನು ರಿಸೀವರ್ ಟೈರೀಕ್ ಹಿಲ್ ಹಿಡಿದ, 44 ಗಜ. ಆಟ ತಿರುಗಿದ್ದು ಅಲ್ಲಿ. ಕೊನೆಗೆ ಚೀಫ್ಸ್ 31-20ರಿಂದ ಗೆದ್ದಿತು. ಆ ಎಸೆತದ ವಿಡಿಯೋ ನೋಡಿಲ್ಲದ ಫುಟ್‌ಬಾಲ್ ಪ್ರೇಮಿ ಇಲ್ಲ. ಇನ್ನೊಂದು ಸಲ ನೋಡುವಾಗ ಹಿಲ್‌ನನ್ನು ಬಿಟ್ಟು ಮಧ್ಯದ ಐದು ಜನರನ್ನೇ ನೋಡಿ. ಹಿಲ್ ಅಷ್ಟು ದೂರ ಓಡುವ ತನಕ ಈ ಐವರು ಎದುರಾಳಿಗಳನ್ನು ತಡೆದಿಟ್ಟಿದ್ದಾರೆ. ಅದರಲ್ಲಿ ಒಬ್ಬ ಐದು ತಿಂಗಳ ಹಿಂದೆ ಯಾರಿಗೂ ಬೇಡವಾಗಿದ್ದವನು.

ಆ ಗೆಲುವಿನ ನಂತರ ಮಾರ್ಚ್‌ನಲ್ಲಿ ಅವನು ಸ್ಟೀಲರ್ಸ್ ಸೇರಿದ. ಎರಡು ಸೂಪರ್ ಬೌಲ್ ಗೆದ್ದ ಊರ ಹುಡುಗ ಮನೆಗೆ ಬಂದ ಅಂತ ಇಲ್ಲಿ ಎಲ್ಲರಿಗೂ ಖುಷಿ, ನನಗಂತೂ ಹಬ್ಬ. ಸೆಪ್ಟೆಂಬರ್ 14ರಂದು ಜೈಂಟ್ಸ್ ಎದುರು ಮೊದಲ ಪಂದ್ಯ. ಬಲ ಗಾರ್ಡ್ ಡೆಕಾಸ್ಟ್ರೋಗೆ ಗಾಯ, ಅವನ ಜಾಗದಲ್ಲಿ ವಿಸ್ನೆಸ್ಕಿ. ಅದೇ ಪಂದ್ಯದಲ್ಲಿ ವಿಸ್ನೆಸ್ಕಿಯ ಎದೆಯ ಸ್ನಾಯುವಿಗೂ ಪೆಟ್ಟಾಯಿತು, ಬಲ ಟ್ಯಾಕಲ್ ಬ್ಯಾನರ್ ಮಂಡಿಯೂ ಹೋಯಿತು. ಒಂದೇ ರಾತ್ರಿಯಲ್ಲಿ ಬ್ಯಾಕಪ್‌ನ ಬ್ಯಾಕಪ್ ಕಣಕ್ಕಿಳಿಯಬೇಕಾಯಿತು. ಹಾಗೆ ಇಳಿದ ಹೊಸ ಹುಡುಗ ಕೆವಿನ್ ಡಾಟ್ಸನ್, ನಾಲ್ಕನೇ ಸುತ್ತಿನಲ್ಲಿ ಬಂದವನು, ನಿಜಕ್ಕೂ ಚೆನ್ನಾಗಿ ಆಡಿದ.

ನವೆಂಬರ್‌ನಲ್ಲಿ ವಿಸ್ನೆಸ್ಕಿ ಗಾಯದಿಂದ ಚೇತರಿಸಿಕೊಂಡು ಬರುವ ಹೊತ್ತಿಗೆ ಸ್ಟೀಲರ್ಸ್ ಅವನನ್ನು ಕೈಬಿಟ್ಟಿತು.

ತಂಡದ ಕಡೆಯ ವಾದ ನನಗೆ ಅರ್ಥವಾಗುತ್ತದೆ. ಡಾಟ್ಸನ್ ಇದ್ದ, ಡೆಕಾಸ್ಟ್ರೋ ವಾಪಸ್ ಬಂದಿದ್ದ, ತಂಡ ಒಂದೂ ಪಂದ್ಯ ಸೋತಿರಲಿಲ್ಲ. 31 ವರ್ಷದ ಗಾರ್ಡ್‌ಗೆ ಜಾಗ ಎಲ್ಲಿ? ಆದರೆ ಆವತ್ತೂ ನನಗೆ ಇದು ಸರಿ ಅನ್ನಿಸಲಿಲ್ಲ, ಇವತ್ತೂ ಅನ್ನಿಸುವುದಿಲ್ಲ. ಕಾರಣ ಊರಿನ ಅಭಿಮಾನ ಅಲ್ಲ. ಆ ವರ್ಷದಿಂದಲೇ ಲೀಗ್ ಒಂದು ಹೊಸ ನಿಯಮ ತಂದಿತ್ತು. ಪಂದ್ಯದ ದಿನ 48 ಜನರನ್ನು ಕಣಕ್ಕೆ ತರಬೇಕಿದ್ದರೆ ಅದರಲ್ಲಿ ಕನಿಷ್ಠ ಎಂಟು ಆಫೆನ್ಸಿವ್ ಲೈನ್‌ಮನ್‌ಗಳಿರಬೇಕು. ಅಂದರೆ ಲೈನ್‌ನಲ್ಲಿ ಜನ ಸಾಲದು, ಜಾಸ್ತಿ ಇಟ್ಟುಕೊಳ್ಳಿ ಅಂತ ಲೀಗೇ ಹೇಳಿದ ಹಾಗಾಯಿತು ಅಲ್ವಾ? ಅಂಥ ವರ್ಷದಲ್ಲಿ, ಕೋವಿಡ್‌ನಿಂದ ಯಾರು ಯಾವಾಗ ಹೊರಗುಳಿಯುತ್ತಾರೋ ಗೊತ್ತಿಲ್ಲದ ಹೊತ್ತಿನಲ್ಲಿ, ಸೆಂಟರ್ ಮತ್ತು ಗಾರ್ಡ್ ಎರಡನ್ನೂ ಆಡಬಲ್ಲ, ಎರಡು ಸೂಪರ್ ಬೌಲ್ ಆಡಿ ಗೆದ್ದ ಆಟಗಾರನನ್ನು ಹಾಗೇ ಬಿಟ್ಟುಕೊಡುವುದು ಯಾವ ಬುದ್ಧಿವಂತಿಕೆ?

ಆದದ್ದೂ ಅದೇ. ಡಿಸೆಂಬರ್ ಶುರುವಿನಲ್ಲಿ ಸೆಂಟರ್ ಪೌನ್ಸಿ ಕೋವಿಡ್ ಪಟ್ಟಿಗೆ ಸೇರಿದ. ಅವನ ಜಾಗಕ್ಕೆ ಬಂದವನು ಡ್ರಾಫ್ಟ್‌ನಲ್ಲಿ ಯಾರೂ ತೆಗೆದುಕೊಳ್ಳದ ಹ್ಯಾಸೆನಾವರ್, ಪಾಪ, ತನ್ನ ಕೈಲಾದದ್ದನ್ನು ಮಾಡಿದ. 11-0 ಇದ್ದ ತಂಡ ಡಿಸೆಂಬರ್ 7ರಂದು ವಾಷಿಂಗ್ಟನ್ ಎದುರು 23-17ರಿಂದ ಮೊದಲ ಸಲ ಸೋತಿತು. ಆಮೇಲೆ ಸೋಲಿನ ಮೇಲೆ ಸೋಲು. ಚೆಂಡು ಹಿಡಿದು ಓಡುವುದರಲ್ಲಿ ಆ ವರ್ಷ ಲೀಗಿನಲ್ಲೇ ಕೊನೆಯ ಸ್ಥಾನ ಸ್ಟೀಲರ್ಸ್‌ನದು, ಅದಕ್ಕೆ ದಾರಿ ಮಾಡಿಕೊಡಬೇಕಾದದ್ದು ಇದೇ ಲೈನು. ಪ್ಲೇಆಫ್‌ನಲ್ಲಿ, ಅಂದರೆ ಸೀಸನ್ ನಂತರದ ನಾಕೌಟ್ ಹಂತದಲ್ಲಿ, ಬ್ರೌನ್ಸ್ ಎದುರು 48-37ರ ಸೋಲು. ವಿಸ್ನೆಸ್ಕಿ ಒಬ್ಬ ಇದ್ದಿದ್ದರೆ ಇದೆಲ್ಲ ತಪ್ಪುತ್ತಿತ್ತು ಅಂತ ನಾನು ಹೇಳುತ್ತಿಲ್ಲ. ಬೆಂಚಿನಲ್ಲಿ ಅಂಥವನೊಬ್ಬ ಇರಬೇಕಿತ್ತು ಅಂತಷ್ಟೇ ಹೇಳುತ್ತಿದ್ದೇನೆ.

ಈ ಕಡೆ ಅವನನ್ನು ಮತ್ತೆ ಕರೆಸಿಕೊಂಡಿದ್ದು ಚೀಫ್ಸ್. ಆ ತಂಡದ ಕಥೆ ನೋಡಿ. ಹಿಂದಿನ ಸೂಪರ್ ಬೌಲ್ ಗೆದ್ದ ಐದು ಜನರಲ್ಲಿ ಬಲ ಗಾರ್ಡ್ ಡುವರ್ನೆ-ಟಾರ್ಡಿಫ್ ವೈದ್ಯ, ಕೋವಿಡ್ ಹೊತ್ತಿನಲ್ಲಿ ಆಟ ಬಿಟ್ಟು ಕೆನಡಾದಲ್ಲಿ ವೃದ್ಧರ ಆರೈಕೆಗೆ ಹೋದ. ಬಲ ಟ್ಯಾಕಲ್ ಶ್ವಾರ್ಟ್ಸ್‌ಗೆ ಬೆನ್ನುನೋವು. ಎಡ ಟ್ಯಾಕಲ್ ಫಿಶರ್‌ಗೆ ಸೂಪರ್ ಬೌಲ್‌ಗಿಂತ ಒಂದು ಪಂದ್ಯ ಮುಂಚೆ ಹಿಮ್ಮಡಿಯ ನರ ಹರಿಯಿತು. 2021ರ ಫೆಬ್ರವರಿ 7ರಂದು ಟ್ಯಾಂಪಾ ಎದುರು ಕಣಕ್ಕಿಳಿದಾಗ ಹಳೆಯ ಐವರಲ್ಲಿ ಉಳಿದಿದ್ದವರು ಇಬ್ಬರೇ. ಸೆಂಟರ್ ರೈಟರ್, ಇನ್ನೊಬ್ಬ ನಾವು ಬಿಟ್ಟುಕೊಟ್ಟ ವಿಸ್ನೆಸ್ಕಿ, ಈ ಸಲ ಬಲ ಗಾರ್ಡ್. ಇಬ್ಬರೂ ಟ್ಯಾಕಲ್‌ಗಳು ತಮ್ಮದಲ್ಲದ ಜಾಗದಲ್ಲಿ ನಿಂತಿದ್ದರು. ಮಹೋಮ್ಸ್ ಮೇಲೆ 29 ಸಲ ಒತ್ತಡ ಬಿತ್ತು, ಯಾವ ಸೂಪರ್ ಬೌಲ್‌ನಲ್ಲೂ ಯಾವ ಕ್ವಾರ್ಟರ್‌ಬ್ಯಾಕ್ ಕೂಡ ಅಷ್ಟು ಕಂಡಿರಲಿಲ್ಲ. ಜಗತ್ತಿನ ಅತ್ಯುತ್ತಮ ಕ್ವಾರ್ಟರ್‌ಬ್ಯಾಕ್ ಆ ರಾತ್ರಿ ಪ್ರಾಣ ಉಳಿಸಿಕೊಳ್ಳಲು ಓಡಿದ. ಚೀಫ್ಸ್‌ಗೆ 31-9ರ ಸೋಲು. ಒಂದು ಟಚ್‌ಡೌನ್ ಕೂಡ, ಅಂದರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸೋದು ಒಂದು ಸಲವೂ, ಆಗಲಿಲ್ಲ.

ಚೀಫ್ಸ್ ಪಾಠ ಕಲಿಯಿತು. ಆ ಬೇಸಿಗೆಯಲ್ಲೇ ಲೈನ್ ಪೂರ್ತಿ ಬದಲಾಯಿತು, ಗಾರ್ಡ್ ಥೂನಿ ಒಬ್ಬನಿಗೇ ಐದು ವರ್ಷಕ್ಕೆ 8 ಕೋಟಿ ಡಾಲರ್. ಎರಡು ವರ್ಷದ ನಂತರ, ಆ ಸೀಸನ್‌ನಲ್ಲಿ 70 ಸ್ಯಾಕ್ ಮಾಡಿ, ಅಂದರೆ ಎಸೆಯುವ ಮುಂಚೆಯೇ ಕ್ವಾರ್ಟರ್‌ಬ್ಯಾಕ್‌ನನ್ನು 70 ಸಲ ಕೆಡವಿ, ಬಂದಿದ್ದ ಈಗಲ್ಸ್ ತಂಡಕ್ಕೆ ಚೀಫ್ಸ್ ಎದುರಿನ ಸೂಪರ್ ಬೌಲ್‌ನಲ್ಲಿ ಒಂದು ಸ್ಯಾಕ್ ಕೂಡ ಸಿಗಲಿಲ್ಲ. ಆದರೆ 2025ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ ಮತ್ತೆ ಅದೇ ಗೋಳು. ಎಡ ಟ್ಯಾಕಲ್ ಆಡಲು ಸರಿಯಾದ ಜನ ಇಲ್ಲದೆ ಅದೇ ಥೂನಿಯನ್ನು ಗಾರ್ಡ್ ಜಾಗದಿಂದ ಎತ್ತಿ ಅಲ್ಲಿ ನಿಲ್ಲಿಸಿದರು. ಮಹೋಮ್ಸ್ ಆರು ಸಲ ನೆಲಕ್ಕೆ ಬಿದ್ದ, ಈಗಲ್ಸ್ 40-22ರಿಂದ ಗೆದ್ದಿತು. ಒಬ್ಬ ಇಲ್ಲದಿದ್ದರೆ ಒಂದು ಜಾಗ ಮಾತ್ರ ಖಾಲಿಯಾಗುವುದಿಲ್ಲ, ಅವನ ಜಾಗ ತುಂಬಲು ಹೋಗಿ ಎರಡು ಜಾಗ ಕೆಡುತ್ತವೆ.

ಇಲ್ಲಿನ ಸ್ಟೀಲರ್ಸ್ ಗೆಳೆಯರು "ಇರೋದೇ 53 ಜಾಗ, ಎಲ್ಲರನ್ನೂ ಇಟ್ಟುಕೊಳ್ಳೋಕಾಗುತ್ತಾ" ಅಂತ ಕೇಳುತ್ತಾರೆ. ಆಗುವುದಿಲ್ಲ, ಒಪ್ಪುತ್ತೇನೆ. ಹಾಗಿದ್ದರೆ ಆರನೇ ರಿಸೀವರ್‌ನನ್ನು ಬಿಡಿ. ಅವನು ವರ್ಷಕ್ಕೆ ಎಷ್ಟು ಚೆಂಡು ಹಿಡಿಯುತ್ತಾನೆ? ಮೊದಲ ಐದು ಲೈನ್‌ಮನ್‌ಗಳೇ ಒಂದು ಪಂದ್ಯವನ್ನೂ ತಪ್ಪಿಸದೆ ಪೂರ್ತಿ ಸೀಸನ್ ಆಡೋದು ಈ ಲೀಗಿನಲ್ಲಿ ಅಪರೂಪ. ಏಳನೆಯ, ಎಂಟನೆಯ ಲೈನ್‌ಮನ್ ಕಣಕ್ಕಿಳಿಯುವ ದಿನ ಒಂದಲ್ಲ ಒಂದು ವಾರ ಬರುತ್ತದೆ. ಆಗ ಎದುರಿಗೆ ಯಾವನು ಅಡ್ಡ ಬರುತ್ತಾನೆ ಅಂತ ಮೊದಲೇ ಗುರುತಿಸಿ ಪಕ್ಕದವನಿಗೆ ಹೇಳುವವನು ಬೇಕು. ಈ ಸಲದ ಪಟ್ಟಿ ಬಂದಾಗ ನಾನು ಮೊದಲು ನೋಡೋದು ಸ್ಟೀಲರ್ಸ್ ಎಷ್ಟು ಲೈನ್‌ಮನ್‌ಗಳನ್ನು ಇಟ್ಟುಕೊಂಡಿದೆ, ಅವರಲ್ಲಿ ಸೆಂಟರ್ ಆಡಿದ ಅನುಭವ ಇರುವ ಎರಡನೆಯವನು ಯಾರು ಅಂತ. ಒಂಬತ್ತು ಜನ ಇರಲೇಬೇಕು ಅನ್ನೋದು ನನ್ನ ಹಠ. ನೀವು ಯಾರನ್ನು ಬಿಟ್ಟು ಆ ಒಂಬತ್ತನೆಯವನಿಗೆ ಜಾಗ ಮಾಡುತ್ತೀರಿ, ಕಾಮೆಂಟಲ್ಲಿ ಹೇಳಿ, ಕೂತು ಮಾತಾಡೋಣ.