ಬಸುರಿ ಕಡ್ಡಿಪುಡಿ ಹಾಕಿದರೆ ಬೈಯಬೇಡಿ

ನಾನು ಮಂಡ್ಯ ಕಡೆಯ ಹಳ್ಳಿಯವಳು. ಹದಿನಾರನೇ ವಯಸ್ಸಿಗೆ ಹಲ್ಲುನೋವು ಅಂತ ಅತ್ತಾಗ ನಮ್ಮಜ್ಜಿಯೇ ಒಂದು ಚಿಟಿಕೆ ಕಡ್ಡಿಪುಡಿ, ಅಂದರೆ ಹೊಗೆಸೊಪ್ಪಿನ ಪುಡಿ, ದವಡೆಗೆ ಇಟ್ಟಿದ್ದು. ನೋವು ಹೋಯಿತು, ಕಡ್ಡಿಪುಡಿ ಉಳಿಯಿತು. ಕಳೆ ಕೀಳುವಾಗ ಹಸಿವು ಗೊತ್ತಾಗದಿರಲಿ ಅಂತ ಎಲೆ ಅಡಿಕೆ ಜೊತೆ ಅದು ಬೇಕೇ ಬೇಕು. ಮೊದಲ ಬಸಿರಲ್ಲೂ ಹಾಕುತ್ತಿದ್ದೆ.

ಚೆಕಪ್‌ಗೆ ಹೋದಾಗ ಅಲ್ಲಿದ್ದ ಒಬ್ಬರು ನನ್ನ ಹಲ್ಲು ನೋಡಿ, ಸಾಲಲ್ಲಿ ನಿಂತವರೆಲ್ಲರ ಮುಂದೆ "ನಿನ್ನಂಥವಳಿಗೆ ಮಗು ಬೇರೆ ಕೇಡು" ಅಂದರು. ನಾನು ಕಡ್ಡಿಪುಡಿ ಬಿಡಲಿಲ್ಲ, ಚೆಕಪ್‌ಗೆ ಹೋಗೋದನ್ನ ಬಿಟ್ಟೆ. ಮಗಳು ಹುಟ್ಟಿದಾಗ ಎರಡು ಕೆಜಿನೂ ಇರಲಿಲ್ಲ. ಹೊಗೆಸೊಪ್ಪಿನ ನಿಕೋಟಿನ್ ರಕ್ತನಾಳ ಬಿಗಿ ಮಾಡುತ್ತದೆ, ಹೊಟ್ಟೆಯೊಳಗಿನ ಕೂಸಿಗೆ ರಕ್ತ ಕಮ್ಮಿ ಆಗುತ್ತದೆ ಅಂತ ತಿಳಿದದ್ದು ಎಷ್ಟೋ ದಿನದ ಮೇಲೆ.

ಎರಡನೇ ಸಲ ನನ್ನ ಕೈ ಹಿಡಿದದ್ದು ಪಕ್ಕದ ಬೀದಿಯ ಅಕ್ಕ. ಅವರೂ ಹಾಕುತ್ತಿದ್ದವರೇ, ಬಿಟ್ಟು ಮೂರು ವರ್ಷ ಆಗಿತ್ತು. ಒಂದು ದಿನವೂ "ಬಿಡು" ಅನ್ನಲಿಲ್ಲ. ಸಂಜೆ ನಾಲ್ಕಕ್ಕೆ ಸರಿಯಾಗಿ ಬಂದು ಜಗಲಿ ಮೇಲೆ ಕೂರುತ್ತಿದ್ದರು. ಕೈ ತಾನೇ ತಾನಾಗಿ ಸೊಂಟದ ಎಲೆಚೀಲಕ್ಕೆ ಹೋಗೋ ಹೊತ್ತು ಅದು. ಹಾಕಿದವರಿಗೆ ಮಾತ್ರ ಆ ಹೊತ್ತು ಗೊತ್ತು, ಅಲ್ವಾ? ಸಣ್ಣ ಸ್ಟೀಲ್ ಡಬ್ಬಿಯಿಂದ ಸೋಂಪು, ಒಂದು ಲವಂಗ ತೆಗೆದು ನನ್ನ ಅಂಗೈಗೆ ಹಾಕಿ, "ಈವತ್ತು ಸಂಜೆಗಂಟ ತಡ್ಕೊ ಕಣವ್ವ, ನಾಳೆದು ನಾಳೆ ನೋಡವ" ಅನ್ನುತ್ತಿದ್ದರು. ಒಂಬತ್ತನೇ ದಿನ ಕೊಟ್ಟಿಗೆ ಹಿಂದೆ ಹೋಗಿ ಹಾಕಿಕೊಂಡೆ. ಹೇಳಿಕೊಂಡು ಅತ್ತಾಗ ಅವರು ಬೈಯಲಿಲ್ಲ. "ನಂಗೂ ಮೂರು ಸತಿ ಹಂಗೇ ಆಗಿತ್ತು" ಅಂದರು. ಆ ಒಂದು ಮಾತಿಗೆ ನಾನು ಇವತ್ತಿಗೂ ಋಣಿ.

ಕುಡಿಯುವ ಹೆಂಗಸರ ಪಾಡು ಇನ್ನೂ ಕಷ್ಟ. ಮದ್ಯವರ್ಜನ ಶಿಬಿರ ಮುಗಿಸಿದ ಗಂಡಸರಿಗೆ ನವಜೀವನ ಸಮಿತಿ ಇದೆ, ಬಿಟ್ಟವರೆಲ್ಲ ಒಟ್ಟಿಗೆ ಕೂತು ಮಾತಾಡುತ್ತಾರೆ. ಎಷ್ಟೋ ಮನೆ ಉಳಿದಿವೆ. ಬಸುರಿ, ಬಾಣಂತಿ ಅಲ್ಲಿಗೆ ಹೋಗಿ ಕೂರೋದು ಹೇಗೆ? ಜಾಸ್ತಿ ಕುಡಿಯುವವಳು ಒಬ್ಬಳೇ ಮನೆಯಲ್ಲಿ ಒಮ್ಮೆಲೇ ನಿಲ್ಲಿಸಲೂಬಾರದು. ಫಿಟ್ಸ್ ಬರಬಹುದು, ತಾಯಿಗೂ ಕೂಸಿಗೂ ಅಪಾಯ. ಡಾಕ್ಟರು ಬೇಕೇ ಬೇಕು. ಅವರ ಹತ್ತಿರ ಹೋಗುವಾಗ ಜೊತೆಗೆ ಬರೋ ಒಬ್ಬಳೂ ಬೇಕು.

ಮಗು ಕಿತ್ತುಕೊಳ್ಳುತ್ತಾರೆ ಅನ್ನೋ ಭಯಕ್ಕೇ ಎಷ್ಟೋ ಜನ ಬಾಯಿ ಬಿಡುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ನೋಡಿ. ಚಿಕಿತ್ಸೆಗೆ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರೆ ಮಾಡಬಾರದು ಅಂತಲೇ ಅದರಲ್ಲಿದೆ. ಕುಡಿತದಿಂದ ಬರುವ ಮಾನಸಿಕ ತೊಂದರೆಯೂ ಆ ಕಾಯ್ದೆಯೊಳಗೇ ಬರುತ್ತದೆ. ಇದನ್ನ ನಮ್ಮ ಹೆಂಗಸರಿಗೆ ಯಾರು ಹೇಳಿದ್ದಾರೆ?

14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಆದರೆ ಅತ್ತೆ, ಗಂಡ ಇರೋ ಒಂದೇ ಕೋಣೆ ಮನೆಯಲ್ಲಿ ಫೋನ್ ಹಿಡಿದು ಏನಂತ ಮಾತಾಡುತ್ತಾಳೆ? ಅದಕ್ಕೇ ಆಶಾ ಅಕ್ಕಂದಿರಿಗೆ, ಅಂಗನವಾಡಿ ಟೀಚರ್‌ಗಳಿಗೆ ಕೈಮುಗಿದು ಕೇಳುತ್ತೇನೆ. ಊರಲ್ಲಿ ಚಟ ಬಿಟ್ಟವಳು ಒಬ್ಬಳಾದರೂ ಇರುತ್ತಾಳೆ. ಅವಳನ್ನ ಗುಟ್ಟಾಗಿ ಕೇಳಿ, ಒಪ್ಪಿದರೆ ಬಿಡೋಕೆ ಒದ್ದಾಡುತ್ತಿರೋ ಹುಡುಗಿ ಮನೆಗೆ ಕಳಿಸಿ. ಸುಮ್ನೆ ಬಂದು ಕೂರಲಿ ಸಾಕು.

ಆ ಸ್ಟೀಲ್ ಡಬ್ಬಿ ಈಗ ನನ್ನ ಹತ್ತಿರ ಇದೆ. ನಮ್ಮ ಬೀದಿಯ ಆರು ತಿಂಗಳ ಬಸುರಿ ಒಬ್ಬಳು ದಿನಾ ನಾಲ್ಕಕ್ಕೆ ಬರುತ್ತಾಳೆ. ನಿನ್ನೆ ಬರಲಿಲ್ಲ. ಇವತ್ತು ನಾನೇ ಹೋಗುತ್ತೇನೆ.